ಹಿತ್ತಲಿನ ಮಾಡು ಸರಿದಾಗ

ವರ್ಷಕ್ಕೆ ಎರಡು ಸಲ ನಾವೆಲ್ಲ ತಪ್ಪದೆ ಆಕಾಶವನ್ನು ನೆನೆಯುತ್ತೇವೆ. ರಮಝಾನಿನ ಚಂದ್ರನಿಗಾಗಿ ಒಮ್ಮೆ, ಶವ್ವಾಲಿನ ಚಂದ್ರನಿಗಾಗಿ ಇನ್ನೊಮ್ಮೆ. ಆ ಸಂಜೆ ಗಂಡಸರು ಕಡಲ ದಂಡೆಗೋ ಗುಡ್ಡದ ತುದಿಗೋ ಹೋಗುತ್ತಾರೆ. ನಾವು ಹೆಂಗಸರು ಅಡುಗೆ ಮನೆಯಲ್ಲಿ ಒಂದು ಕಿವಿಯನ್ನು ಫೋನಿನ ಕಡೆಗಿಟ್ಟು ಕೆಲಸ ಮಾಡುತ್ತಿರುತ್ತೇವೆ. ಸುದ್ದಿ ಬರುತ್ತದೆ, ಚಂದ್ರ ಬರುವುದಿಲ್ಲ. ಹಿಲಾಲ್ ಎಂಬ ಪದವನ್ನು ಮದ್ರಸದಲ್ಲಿ ಬಾಲ್ಯದಲ್ಲೇ ಕಲಿತ ನಾನು ಒಂದು ದಿನದ ಹಿಲಾಲನ್ನು ನನ್ನ ಕಣ್ಣಿನಿಂದ ಕಂಡದ್ದು ಮೂವತ್ತು ದಾಟಿದ ಮೇಲೆ ಎಂದರೆ ನೀವು ನಗಬಹುದು.

ಈ ಮಾತು ನೆನಪಾದದ್ದು 2024ರ ಡಿಸೆಂಬರಿನ ಮೊದಲ ಶನಿವಾರ, ಪರಿಚಯದ ಒಂದು ಕುಟುಂಬದ ಹಿತ್ತಲಲ್ಲಿ ನಿಂತಿದ್ದಾಗ. ಆ ಮನೆಯ ಮಗಳು ನನ್ನ ಹಳೆಯ ವಿದ್ಯಾರ್ಥಿನಿ, ಈಗ ಬಿ.ಎಸ್ಸಿ. ಓದುತ್ತಿದ್ದಾಳೆ. ಬಾವಿಯ ಆಚೆಗೆ, ಬಸಳೆ ಚಪ್ಪರಕ್ಕೆ ತಾಗಿಕೊಂಡು ಎಂಟಡಿ ಉದ್ದ ಎಂಟಡಿ ಅಗಲದ ಒಂದು ಶೆಡ್ಡು. ನೋಡಿದರೆ ಸೌದೆ ಕೊಟ್ಟಿಗೆ ಎನ್ನಬೇಕು. ಮಗ್ರಿಬ್ ನಮಾಝ್ ಮುಗಿಸಿ ಬಂದ ಹುಡುಗಿ ನಾಲ್ಕು ಕೊಂಡಿಗಳನ್ನು ಕಳಚಿ, ಎರಡೂ ಕೈಯಿಂದ ಮಾಡನ್ನು ಒತ್ತಿದಳು. ಗಡಗಡ ಸದ್ದು ಮಾಡುತ್ತಾ ಇಡೀ ಮಾಡು ಹಳಿಯ ಮೇಲೆ ಸರಿದು ಬಸಳೆ ಚಪ್ಪರದ ಮೇಲೆ ಹೋಗಿ ನಿಂತಿತು. ಒಳಗೆ ನಿಂತ ನಮಗೆ ನಾಲ್ಕು ಗೋಡೆಗಳು ಮತ್ತು ಆಕಾಶ, ಅಷ್ಟೇ.

“ನೂರು ಕಿಲೋಕ್ಕಿಂತ ಜಾಸ್ತಿ ಇದೆ ಟೀಚರ್, ಆದ್ರೆ ಚಕ್ರ ಇದೆಯಲ್ಲ” ಎಂದಳು.

ಇಂತಹದ್ದೊಂದು ಅವರ ಹಿತ್ತಲಿಗೆ ಬಂದ ಕಥೆ ಸ್ವಲ್ಪ ಉದ್ದವಿದೆ. ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ಆಕಾಶ ವೀಕ್ಷಣೆಯ ಶಿಬಿರ ನಡೆಯುತ್ತದೆ. ರಾತ್ರಿಯಿಡೀ ಘಟ್ಟದ ಮೇಲೆ. ಮನೆಯವರು ಕಳುಹಿಸಲಿಲ್ಲ. ಹುಡುಗಿ ಎರಡು ದಿನ ಮಾತು ಬಿಟ್ಟಳು. ಹೆತ್ತವರ ಅಂಜಿಕೆ ನನಗೆ ಅರ್ಥವಾಗುತ್ತದೆ, ನಾನೂ ತಾಯಿ. ಆದರೆ ‘ಬೇಡ’ ಎಂದು ಹೇಳಿದ ಮೇಲೆ ನಮ್ಮ ಕೆಲಸ ಮುಗಿಯಿತು ಎಂದುಕೊಳ್ಳುವ ನಮ್ಮ ರೂಢಿ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಈ ತಂದೆ ಅಲ್ಲಿಗೆ ನಿಲ್ಲಿಸಲಿಲ್ಲ. ಗಲ್ಫಿನಿಂದ ಮರಳುವಾಗ ಎಂಟು ಇಂಚು ಕನ್ನಡಿಯ ದೂರದರ್ಶಕವೊಂದನ್ನು ತಂದರು. ಮರದ ಪೆಟ್ಟಿಗೆಯಂತಹ ಪೀಠದ ಮೇಲೆ ಫಿರಂಗಿಯಂತೆ ಕೂರುವ ಡಾಬ್ಸೋನಿಯನ್ ಜಾತಿಯದು.

ಮೊದಲು ಅದನ್ನು ತಾರಸಿಯ ಮೇಲೆ ಇಟ್ಟರು. ಪ್ರತಿಸಲವೂ ಇಪ್ಪತ್ತು ಕಿಲೋ ಭಾರವನ್ನು ಮೆಟ್ಟಿಲು ಹತ್ತಿಸಬೇಕು, ಇಳಿಸಬೇಕು. ತಿಂಗಳಿಗೆ ಎರಡು ಸಲ ಇದ್ದದ್ದು ಒಂದಾಯಿತು, ಆಮೇಲೆ ಅದೂ ಇಲ್ಲ. ಅದಕ್ಕಿಂತ ದೊಡ್ಡ ತೊಡಕು ಪಕ್ಕದ ಮನೆಯಿಂದ ಬಂತು. “ನಿಮ್ಮ ದುರ್ಬೀನು ನಮ್ಮ ಕಿಟಕಿಯ ಕಡೆ ತಿರುಗಿದೆ, ನಮ್ಮ ಹೆಂಗಸರಿಗೆ ಮುಜುಗರ” ಎಂದರು. ತಪ್ಪು ಅವರದ್ದಲ್ಲ. ಅಲ್ ಹುಜುರಾತ್ ಅಧ್ಯಾಯವು ಇನ್ನೊಬ್ಬರ ಗುಟ್ಟು ಕೆದಕುವುದನ್ನು ನಿಷೇಧಿಸಿದೆ. ಕೆದಕದಿದ್ದರೂ ಕೆದಕುತ್ತಿದ್ದಾರೇನೋ ಎಂಬ ಸಂಶಯಕ್ಕೆ ಎಡೆಯಾಗುವುದೂ ಒಳ್ಳೆಯದಲ್ಲ. ಹುಡುಗಿಯ ತಾಯಿಯೇ ದಾರಿ ಹೇಳಿದರು: “ಹಿತ್ತಲಲ್ಲಿ ಐದಡಿ ಗೋಡೆ ಕಟ್ಟಿ. ಅವರಿಗೂ ಮರೆ, ನಮಗೂ ಮರೆ. ಮೇಲೆ ಮಾತ್ರ ತೆರೆದಿರಲಿ.”

ಗುಮ್ಮಟ ಯಾಕೆ ಬೇಡ?

ವೀಕ್ಷಣಾಲಯ ಎಂದರೆ ನಮ್ಮ ಕಣ್ಣಿಗೆ ಬರುವುದು ಬಿಳಿ ಗುಮ್ಮಟ. ಅದರಲ್ಲಿ ಉದ್ದನೆಯ ಒಂದು ಸೀಳು, ನಕ್ಷತ್ರ ಸರಿದ ಹಾಗೆ ಗುಮ್ಮಟವನ್ನೂ ತಿರುಗಿಸುತ್ತಾ ಹೋಗಬೇಕು. ಮಾಡಿಸುವುದು ಕಷ್ಟ, ದುಬಾರಿ. ಜಾರುವ ಮಾಡಿಗಾದರೆ ಊರಿನ ವೆಲ್ಡಿಂಗ್ ಅಂಗಡಿ ಸಾಕು. ಶ್ರೀಮಂತರ ಕಂಪೌಂಡಿನ ಸ್ಲೈಡಿಂಗ್ ಗೇಟಿಗೆ ಹಾಕುವ ಗೀರಿನ ಚಕ್ರಗಳನ್ನೇ ಇಲ್ಲಿ ಹಾಕಿದ್ದಾರೆ, ಒಂದೊಂದು ಬದಿಗೆ ಮೂರು. ಕಬ್ಬಿಣದ ಆಂಗಲ್ ಪಟ್ಟಿಯನ್ನು ಮಗುಚಿ ಗೋಡೆಯ ತಲೆಯ ಮೇಲೆ ಕೂರಿಸಿದ್ದಾರೆ. ಅದರ ಏಣಿನ ಮೇಲೆ ಚಕ್ರದ ಗೀರು ಓಡುತ್ತದೆ. ಕಸ, ಎಲೆ ಬಿದ್ದರೆ ಎರಡೂ ಬದಿಗೆ ಜಾರಿಹೋಗುತ್ತದೆ. ಮಾಡಿಗೆ ತೆಳು ಶೀಟು, ಚೌಕ ಪೈಪಿನ ಚೌಕಟ್ಟು. ಗೋಡೆ ಮುಗಿದ ಮೇಲೂ ಹಳಿ ಇನ್ನೂ ಎಂಟಡಿ ಮುಂದೆ ಹೋಗಬೇಕು, ಸರಿದ ಮಾಡು ನಿಲ್ಲುವುದಕ್ಕೆ. ಅಂದರೆ ಶೆಡ್ಡಿನಷ್ಟೇ ಜಾಗ ಇನ್ನೊಂದು ಬೇಕು. ಆ ಕಂಬಗಳನ್ನು ತಾಯಿ ಬಿಡಲಿಲ್ಲ, ಬಸಳೆ ಹಬ್ಬಿಸಿದರು. ಬಸಳೆಯ ಕುಡಿ ಹಳಿಗೆ ಸುತ್ತಿಕೊಂಡು ಚಕ್ರ ಸಿಕ್ಕಿಬೀಳುತ್ತದೆ ಎಂಬುದು ಮಗಳ ದೂರು. ವಾರಕ್ಕೊಮ್ಮೆ ಕುಡಿ ಕತ್ತರಿಸಿದರೆ ಪಲ್ಯಕ್ಕೂ ಆಯಿತು ಎಂಬುದು ತಾಯಿಯ ಉತ್ತರ.

ಜಾರುವ ಮಾಡಿನ ಅಸಲಿ ಲಾಭ ಬೇರೆ ಇದೆ. ದೂರದರ್ಶಕದ ಕನ್ನಡಿ ಹೊರಗಿನ ಗಾಳಿಯಷ್ಟೇ ತಣ್ಣಗಾಗುವವರೆಗೆ ಬಿಂಬ ಒಲೆಯ ಮೇಲಿನ ಗಾಳಿಯಂತೆ ನಡುಗುತ್ತದೆ. ಹಗಲಿಡೀ ಬಿಸಿಲು ಕುಡಿದ ಶೀಟಿನ ಕೆಳಗೆ ಕಾವು ತುಂಬಿರುತ್ತದೆ. ಇಡೀ ಮಾಡನ್ನೇ ತೆಗೆದರೆ ಆ ಕಾವು ಒಮ್ಮೆಲೇ ಹೊರಹೋಗುತ್ತದೆ. ಹಾಗಾಗಿ ಮಗ್ರಿಬ್ ಆದ ಕೂಡಲೇ ತೆರೆದಿಟ್ಟು, ಇಶಾ ಮುಗಿಸಿ ನೋಡಲು ಕೂರುವುದು ಈ ಮನೆಯ ಕ್ರಮ. ನಮ್ಮ ದಿನಚರಿಗೆ ಎಷ್ಟು ಚೆನ್ನಾಗಿ ಹೊಂದಿತು ನೋಡಿ.

ನೆಲದ ವಿಷಯದಲ್ಲಿ ಮೇಸ್ತ್ರಿಗೆ ಆಶ್ಚರ್ಯವಾಯಿತಂತೆ. ದೂರದರ್ಶಕ ಕೂರುವ ನಡುವಿನ ಕಾಂಕ್ರೀಟ್ ದಿಮ್ಮಿಯನ್ನು ಪ್ರತ್ಯೇಕ ತಳಪಾಯದಿಂದ ಎಬ್ಬಿಸಿ, ಸುತ್ತಲಿನ ನೆಲಕ್ಕೂ ಅದಕ್ಕೂ ನಡುವೆ ಒಂದು ಇಂಚು ಅಂತರ ಬಿಟ್ಟು ಮರಳು ತುಂಬಲು ಹೇಳಿದ್ದಳು ಹುಡುಗಿ. ಬಿಂಬವನ್ನು ನೂರಿಪ್ಪತ್ತು ಪಟ್ಟು ದೊಡ್ಡದು ಮಾಡುವಾಗ ಪಕ್ಕದಲ್ಲಿ ನಡೆಯುವವರ ಹೆಜ್ಜೆಯ ಅದುರೂ ಅಷ್ಟೇ ಪಟ್ಟು ದೊಡ್ಡದಾಗಿ ಕಾಣುತ್ತದೆ.

ಮಾಡು ಯಾವ ದಿಕ್ಕಿಗೆ ಸರಿಯಬೇಕು ಎಂಬುದಕ್ಕೆ ಮನೆಯಲ್ಲಿ ವಾರಗಟ್ಟಲೆ ಚರ್ಚೆ ನಡೆದಿತ್ತು. ಇಂಗ್ಲಿಷ್ ಪುಸ್ತಕಗಳು ಸಾಮಾನ್ಯವಾಗಿ ಉತ್ತರಕ್ಕೆ ಸರಿಸಿ ಎನ್ನುತ್ತವೆ. ಆ ದೇಶಗಳಲ್ಲಿ ಗ್ರಹಗಳೆಲ್ಲ ದಕ್ಷಿಣದಲ್ಲಿ ಹಾದುಹೋಗುತ್ತವೆ, ಉತ್ತರ ಮರೆಯಾದರೆ ಹೆಚ್ಚು ನಷ್ಟವಿಲ್ಲ. ನಮ್ಮ ಕರಾವಳಿ ಇರುವುದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ, ಗ್ರಹಗಳು ನಮಗೆ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಹೋಗುತ್ತವೆ. ಕೊನೆಗೆ ಪೂರ್ವವನ್ನು ಆರಿಸಿದರು. ಪೂರ್ವದಲ್ಲಿ ಮರೆಯಾದದ್ದು ಎರಡು ಗಂಟೆ ಕಾದರೆ ತಾನಾಗಿ ಮೇಲೆ ಬರುತ್ತದೆ. ಆ ಬದಿಯ ಮನೆಯ ಜಗಲಿ ದೀಪಕ್ಕೂ ಮಾಡು ಅಡ್ಡವಾಯಿತು. ಪಶ್ಚಿಮದ ಗೋಡೆಯ ಮೇಲಿನ ಎರಡಡಿಗೆ ಮಾತ್ರ ಕೀಲು ಹಾಕಿ ಕೆಳಗೆ ಮಡಚುವಂತೆ ಮಾಡಿದ್ದಾರೆ. ಅದು ಹಿಲಾಲ್‌ಗಾಗಿ. ಹೊಸ ಚಂದ್ರ ಬಾನಂಚಿನಲ್ಲಿ ಬಹಳ ತಗ್ಗಿನಲ್ಲಿರುತ್ತಾನೆ, ಐದಡಿ ಗೋಡೆಯ ಒಳಗಿನಿಂದ ಕಾಣುವುದಿಲ್ಲ.

ಅಜ್ಜಿಯ ಆಕ್ಷೇಪ

ಎಲ್ಲರೂ ಒಪ್ಪಿದರೂ ಮನೆಯ ಅಜ್ಜಿ ಒಪ್ಪಿರಲಿಲ್ಲ. ನಕ್ಷತ್ರ ನೋಡುವುದು ಜ್ಯೋತಿಷ್ಯ, ನಮಗದು ಸಲ್ಲದು ಎಂದರು. ನನ್ನನ್ನು ಕರೆಸಿದ್ದಕ್ಕೆ ಇದೂ ಒಂದು ಕಾರಣವಿರಬೇಕು. ಅಜ್ಜಿಯ ಭಯ ಸುಳ್ಳಲ್ಲ. ನಕ್ಷತ್ರದಲ್ಲಿ ಮನುಷ್ಯನ ಹಣೆಬರಹ ಓದುವುದನ್ನು ಇಸ್ಲಾಮ್ ಒಪ್ಪುವುದಿಲ್ಲ. ಆದರೆ ಸಮಯ, ದಿಕ್ಕು, ತಿಂಗಳುಗಳನ್ನು ತಿಳಿಯಲು ಆಕಾಶವನ್ನು ಅಳೆಯುವುದು ಬೇರೆಯೇ ವಿದ್ಯೆ. ಅಲ್ ಬಕರ ಅಧ್ಯಾಯದ 189ನೆಯ ಸೂಕ್ತದಲ್ಲಿ ಹೊಸ ಚಂದ್ರನ ಕುರಿತ ಪ್ರಶ್ನೆಗೆ ಬಂದಿರುವ ಉತ್ತರವೇ ಕಾಲಗಣನೆಯದ್ದು, ಹಜ್ಜಿನದ್ದು. ನಮ್ಮ ಮಸೀದಿಗಳಲ್ಲಿ ಒಂದು ಕಾಲಕ್ಕೆ ‘ಮುವಕ್ಕಿತ್’ ಎಂಬ ಹುದ್ದೆಯೇ ಇತ್ತು, ನಮಾಝಿನ ವೇಳೆಯನ್ನು ಲೆಕ್ಕ ಹಾಕುವವರು. ದಮಸ್ಕಸ್‌ನ ಉಮಯ್ಯದ್ ಮಸೀದಿಯಲ್ಲಿ ಆ ಕೆಲಸದಲ್ಲಿದ್ದ ಇಬ್ನ್ ಶಾತಿರ್ 1371ರಲ್ಲಿ ಅದರ ಮಿನಾರಕ್ಕೆ ದೊಡ್ಡ ನೆರಳು ಗಡಿಯಾರ ಮಾಡಿಕೊಟ್ಟಿದ್ದರು. ಹತ್ತನೆಯ ಶತಮಾನದಲ್ಲಿ ಅಲೆಪ್ಪೋದ ಸೈಫುದ್ದೌಲನ ಆಶ್ರಯದಲ್ಲಿ ಉಸ್ತುರ್ಲಾಬ್ ಎಂಬ ಖಗೋಳ ಉಪಕರಣ ಮಾಡುವ ಒಬ್ಬ ಮಹಿಳೆ ಇದ್ದರೆಂದು ಇಬ್ನ್ ನದೀಮರ ‘ಫಿಹ್ರಿಸ್ತ್’ ಹೇಳುತ್ತದೆ. ಇಂದು ಎಲ್ಲರೂ ಅವರನ್ನು ಮರ್ಯಮ್ ಎನ್ನುತ್ತಾರೆ. ಫಿಹ್ರಿಸ್ತ್‌ನಲ್ಲಿ ಇರುವುದು ಇಜ್ಲಿಯವರ ಮಗಳು ಎಂದಷ್ಟೇ. ಹೆಸರು ಉಳಿಯಲಿಲ್ಲ, ಕಸುಬು ಉಳಿಯಿತು.

ಅಜ್ಜಿ ಎಲ್ಲ ಕೇಳಿ, “ಸರಿ, ಆದರೆ ಮಂಜು ಬೀಳುತ್ತದೆ, ತಲೆಗೆ ಬಟ್ಟೆ ಕಟ್ಟಿಕೊಳ್ಳಲಿ” ಎಂದರು. ಅವರು ಇಂದಿಗೂ ಅದರಲ್ಲಿ ಕಣ್ಣಿಟ್ಟಿಲ್ಲ.

ಮನೆಯ ಹಿತ್ತಲಿನಿಂದ ಆಕಾಶ ನೋಡುವುದು ಮಕ್ಕಳಾಟ ಎಂದುಕೊಳ್ಳಬೇಡಿ. 1781ರ ಮಾರ್ಚ್ 13ರಂದು ಯುರೇನಸ್ ಗ್ರಹ ಪತ್ತೆಯಾದದ್ದು ಇಂಗ್ಲೆಂಡಿನ ಬಾತ್ ನಗರದ ಒಂದು ಸಾಮಾನ್ಯ ಮನೆಯ ಹಿತ್ತಲಲ್ಲಿ. ಕಂಡುಹಿಡಿದ ವಿಲಿಯಂ ಹರ್ಷೆಲ್ ಹೊಟ್ಟೆಪಾಡಿಗೆ ಸಂಗೀತಗಾರ. ಅವರ ತಂಗಿ ಕ್ಯಾರೊಲಿನ್ ಜರ್ಮನಿಯ ಹ್ಯಾನೋವರಿನಲ್ಲಿ ಹುಟ್ಟಿದವರು. ಬಾಲ್ಯದಲ್ಲಿ ಟೈಫಸ್ ಜ್ವರ ಬಂದು ನಾಲ್ಕಡಿ ಚಿಲ್ಲರೆ ಎತ್ತರಕ್ಕೇ ಬೆಳವಣಿಗೆ ನಿಂತಿತು. ಇವಳಿಗೆ ಮದುವೆಯಾಗದು, ಮನೆಗೆಲಸಕ್ಕೆ ಇರಲಿ ಎಂದು ತಾಯಿ ತೀರ್ಮಾನಿಸಿದ್ದರು. ಅಣ್ಣ 1772ರಲ್ಲಿ ಕರೆದುಕೊಂಡು ಬಂದರು. ಅಲ್ಲಿಯೂ ಮೊದಲು ಮನೆವಾರ್ತೆಯೇ. ಕನ್ನಡಿ ಉಜ್ಜುವುದರಿಂದ ಕೈ ತೆಗೆಯಲಾಗದ ಅಣ್ಣನಿಗೆ ತುತ್ತು ಮಾಡಿ ಬಾಯಿಗೆ ಇಡುತ್ತಿದ್ದರಂತೆ. 1783ರ ಡಿಸೆಂಬರ್ 31ರ ರಾತ್ರಿ ಹಿಮದಲ್ಲಿ ಓಡುವಾಗ ಉಪಕರಣದ ಕಬ್ಬಿಣದ ಕೊಕ್ಕೆಯೊಂದು ಅವರ ಕಾಲಿಗೆ ಚುಚ್ಚಿಕೊಂಡಿತು. 1786ರ ಆಗಸ್ಟ್ 1ರಂದು, ಅಣ್ಣ ಜರ್ಮನಿಗೆ ಹೋಗಿದ್ದಾಗ, ಸಣ್ಣ ದೂರದರ್ಶಕದಲ್ಲಿ ಅವರು ತಮ್ಮ ಮೊದಲ ಧೂಮಕೇತುವನ್ನು ಕಂಡರು. ಒಟ್ಟು ಎಂಟು. ಮರುವರ್ಷದಿಂದ ದೊರೆ ವರ್ಷಕ್ಕೆ 50 ಪೌಂಡು ಸಂಬಳ ಗೊತ್ತುಮಾಡಿದರು. ಮನೆವಾರ್ತೆಯ ಬಿಡುವಿನಲ್ಲಿ ಮಾಡಿದ ಕೆಲಸ ಇದು ಎಂಬುದನ್ನು ನಾನು ನನ್ನ ವಿದ್ಯಾರ್ಥಿನಿಯರಿಗೆ ಒತ್ತಿ ಹೇಳುತ್ತೇನೆ.

ನಮ್ಮ ಪಕ್ಕದ ಹೈದರಾಬಾದಿನಲ್ಲೂ ಇಂತಹದ್ದೇ ಆಗಿದೆ. ನವಾಬ್ ಝಫರ್ ಜಂಗ್ ಇಂಗ್ಲೆಂಡಿನಿಂದ 15 ಇಂಚಿನ ದೂರದರ್ಶಕ ತರಿಸಿ 1901ರಲ್ಲಿ ಫಿಸಲ್ ಬಂಡಾದ ತಮ್ಮ ಎಸ್ಟೇಟಿನಲ್ಲಿ ನಿಲ್ಲಿಸಿದರು. 1907ರಲ್ಲಿ ಅವರು ತೀರಿಕೊಂಡ ಮೇಲೆ ನಿಝಾಮರ ಸರಕಾರ ಅದನ್ನು ವಹಿಸಿಕೊಂಡು ನಿಝಾಮಿಯಾ ವೀಕ್ಷಣಾಲಯವಾಗಿ ಬೆಳೆಸಿತು. ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದ ವೈನು ಬಪ್ಪು ಅವರ ತಂದೆ ಅಲ್ಲಿ ನೌಕರಿಯಲ್ಲಿದ್ದರು. ಮಗ ಬೆಳೆದದ್ದು ಆ ದೂರದರ್ಶಕಗಳ ನಡುವೆ.

ಮಳೆ, ಗಾಳಿ, ಬೂಷ್ಟು

ಇನ್ನು ಕಷ್ಟಗಳು. ಮೊದಲ ವರ್ಷದ ಮೇ ತಿಂಗಳ ಗುಡುಗು ಮಳೆಯ ರಾತ್ರಿ, ಗಾಳಿಗೆ ಮಾಡು ತಾನಾಗಿ ಎರಡಡಿ ಸರಿದುಬಿಟ್ಟಿತು. ವೆಲ್ಡಿಂಗಿನವರು ಹಳಿಯ ತುದಿಗೆ ತಡೆ ಇಟ್ಟಿದ್ದರು, ಮಾಡನ್ನು ಗೋಡೆಗೆ ಬಿಗಿಯುವ ಕೊಂಡಿ ಇಟ್ಟಿರಲಿಲ್ಲ. ತಾಯಿ ಮಗಳು ನಡುರಾತ್ರಿ ಟಾರ್ಪಾಲು ಹೊದೆಸಿ ನೆನೆದು ನಡುಗಿದರಂತೆ. ಜಾರುವ ಮಾಡಿಗೆ ಗಾಳಿಯೇ ದೊಡ್ಡ ಶತ್ರು. ತಗಡು ಹಗುರ, ಕೆಳಗಿನಿಂದ ನುಗ್ಗಿದ ಗಾಳಿ ಅದನ್ನು ಎತ್ತಿಬಿಡಬಲ್ಲದು. ಆ ಮೇಲೆ ನಾಲ್ಕು ಮೂಲೆಗೂ ಬಿಗಿಯುವ ಕೊಂಡಿ ಬಂತು. ಶೀಟಿನ ಅಂಚನ್ನು ಗೋಡೆಯಿಂದ ಒಂದು ಗೇಣು ಹೊರಕ್ಕೆ ಇಳಿಬಿಟ್ಟರು, ಎರಚಲು ಒಳಬಾರದಂತೆ.

ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿಗೆ ಬೀಗ. ದೂರದರ್ಶಕ ಮನೆಯೊಳಗೆ ಬರುತ್ತದೆ, ಮಸೂರಗಳು ಸಿಲಿಕಾ ಜೆಲ್ ಚೀಲದೊಂದಿಗೆ ಮುಚ್ಚಳ ಬಿಗಿಯಾದ ಡಬ್ಬಿಗೆ. ಇಲ್ಲವಾದರೆ ಗಾಜಿಗೆ ಬೂಷ್ಟು ಹಿಡಿಯುತ್ತದೆ, ಹಿಡಿದರೆ ಬಿಡುವುದಿಲ್ಲ. ಉಪ್ಪು ಗಾಳಿಗೆ ಹಳಿ ತುಕ್ಕು ಹಿಡಿಯುವುದರಿಂದ ವರ್ಷಕ್ಕೊಮ್ಮೆ ಉಜ್ಜಿ ಬಣ್ಣ ಬಳಿಯಬೇಕು. ಶೆಡ್ಡಿಗೆ ಒಂದು ಹೊಸ ಸ್ಕೂಟರಿನ ಬೆಲೆಯಾಯಿತು ಎಂದು ತಂದೆ ಹೇಳಿದರು. ಅಷ್ಟು ಹಣ ಎಲ್ಲರ ಬಳಿ ಇರದು. ಬೈನಾಕ್ಯುಲರ್ ಹಿಡಿದು ತಾರಸಿಯಲ್ಲಿ ಮಲಗಿದರೂ ಬಹಳಷ್ಟು ಕಾಣುತ್ತದೆ, ಅಲ್ಲಿಂದಲೇ ಆರಂಭಿಸಬಹುದು.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬೇಡಿ. ದೂರದರ್ಶಕದಲ್ಲಾಗಲಿ ಬೈನಾಕ್ಯುಲರಿನಲ್ಲಾಗಲಿ ಸೂರ್ಯನ ಕಡೆ ನೋಡಿದರೆ ಕ್ಷಣದಲ್ಲಿ ಕಣ್ಣು ಸುಟ್ಟುಹೋಗುತ್ತದೆ. ಹಿಲಾಲ್ ಹುಡುಕುವವರು ಸೂರ್ಯ ಪೂರ್ತಿ ಮುಳುಗಿದ ಮೇಲೆಯೇ ಕಣ್ಣಿಡಬೇಕು. ಈ ಮನೆಯಲ್ಲಿ ಚಿಕ್ಕ ಮಕ್ಕಳಿರುವುದರಿಂದ ಹಗಲು ಶೆಡ್ಡಿಗೆ ಬೀಗ, ಬೀಗದ ಕೈ ಅಡುಗೆ ಮನೆಯ ಮೊಳೆಗೆ.

ಆ ಶನಿವಾರ ಇಶಾ ಮುಗಿಸಿ ಬಂದಾಗ ಅರ್ಧಕ್ಕೆ ತುಸು ಕಡಿಮೆ ಚಂದ್ರ ಇತ್ತು. ಬೆಳಕು ಕತ್ತಲು ಸೇರುವ ಗೆರೆಯುದ್ದಕ್ಕೂ ಗುಂಡಿಗಳ ನೆರಳು. ಅದರ ಪಕ್ಕಕ್ಕೆ ಶನಿ. ಬಳೆಯಂತಹ ಉಂಗುರ ನಿರೀಕ್ಷಿಸಿದ್ದ ನನಗೆ ಕಂಡದ್ದು ಮಣಿಗೆ ಚುಚ್ಚಿದ ಸೂಜಿ. 2025ರ ಮಾರ್ಚಿನಲ್ಲಿ ಉಂಗುರ ನಮಗೆ ಅಂಚು ತಿರುಗಿಸಲಿತ್ತು, ಸುಮಾರು ಹದಿನೈದು ವರ್ಷಕ್ಕೊಮ್ಮೆ ಹಾಗಾಗುತ್ತದೆ ಎಂದಳು. ಗುರು ಗ್ರಹ ಸರಿದ ಮಾಡಿನ ಹಿಂದೆಯೇ ಇತ್ತು. ಎಂಟೂ ಮುಕ್ಕಾಲರವರೆಗೆ ಕಾದೆವು.

ಕಾಯುವಾಗ ಅವಳು ನಕ್ಷತ್ರಗಳ ಹೆಸರು ಹೇಳತೊಡಗಿದಳು. ದಕ್ಷಿಣದ ಒಂಟಿ ನಕ್ಷತ್ರ ತೋರಿಸಿ “ಫೊಮಲ್‌ಹಾಟ್” ಎಂದಳು. ನಾನು ತಟ್ಟನೆ “ಫಮುಲ್ ಹೂತ್” ಎಂದೆ, ಮೀನಿನ ಬಾಯಿ. ವಾಯವ್ಯದ್ದು ಡೆನೆಬ್, ಅಂದರೆ ಝನಬ್, ಬಾಲ. ನೆತ್ತಿಯ ಕಡೆ ಏರುತ್ತಿದ್ದ ಕೃತ್ತಿಕೆಯ ಗೊಂಚಲು ಸುರಯ್ಯಾ. ಅದರ ಹಿಂದೆಯೇ ಬರುವ ಕೆಂಪು ನಕ್ಷತ್ರ ಅಲ್ಡೆಬರಾನ್, ಅದ್ದಬರಾನ್, ಹಿಂಬಾಲಿಸುವವನು. ಹುಡುಗಿ ಪುಸ್ತಕ ತಂದು, ಪ್ರತಿ ಹೆಸರಿನ ಪಕ್ಕ ಅರಬಿಯಲ್ಲಿ ಬರೆದುಕೊಡಿ ಎಂದಳು. ಕೆಂಪು ಕಾಗದ ಸುತ್ತಿದ ಟಾರ್ಚಿನ ಬೆಳಕಿನಲ್ಲಿ ಹದಿನೇಳು ಹೆಸರು ಬರೆದೆವು. ಎರಡರ ಅರ್ಥ ನನಗೆ ಹೊಳೆಯಲಿಲ್ಲ, ಮನೆಗೆ ಹೋಗಿ ನಿಘಂಟು ನೋಡಿ ತಿಳಿಸುತ್ತೇನೆ ಎಂದೆ.

ಅಷ್ಟರಲ್ಲಿ ಗುರು ಮಾಡಿನ ಅಂಚು ದಾಟಿತು. ಪಕ್ಕದಲ್ಲಿ ಒಂದೇ ಸಾಲಿನಲ್ಲಿ ಅದರ ಚಂದ್ರಗಳು. ಪಕ್ಕದ ಮನೆಯ ಇಬ್ಬರು ಹೆಂಗಸರು ಮಕ್ಕಳ ಕೈ ಹಿಡಿದು ಬಾವಿಯ ಹತ್ತಿರ ಬಂದು ನಿಂತಿದ್ದರು. ದುರ್ಬೀನಿನ ಬಗ್ಗೆ ದೂರು ಕೊಟ್ಟಿದ್ದ ಮನೆಯವರೇ. “ನಮಗೂ ತೋರಿಸ್ತೀಯಾ?” ಎಂದು ಕೇಳಿದರು. ಹುಡುಗಿ ಕುರ್ಚಿ ತರಲು ಒಳಗೆ ಓಡಿದಳು.