ಓದಲು, ನೋಡಲು, ಸುತ್ತಲು ನಾಲ್ಕು ಜಾಲತಾಣಗಳು

ಗ್ರಾಮೀಣ ಭಾರತವನ್ನು ಕನ್ನಡದಲ್ಲೇ ಓದಬಯಸುವವರು ಮೊದಲು ನೋಡಬೇಕಾದ ತಾಣ ‘ಪರಿ’. ಪತ್ರಕರ್ತ ಪಿ. ಸಾಯಿನಾಥ್ 2014ರಲ್ಲಿ ಆರಂಭಿಸಿದ ಇದರಲ್ಲಿ ರೈತರ, ನೇಕಾರರ, ವಲಸೆ ಕಾರ್ಮಿಕರ ಕಥನಗಳು ಹಲವು ಭಾರತೀಯ ಭಾಷೆಗಳಲ್ಲಿ ಉಚಿತವಾಗಿ ಸಿಗುತ್ತವೆ. ಮಹಾರಾಷ್ಟ್ರದ ಹೆಣ್ಣುಮಕ್ಕಳ ಬೀಸುವ ಹಾಡುಗಳ ಬೃಹತ್ ಸಂಗ್ರಹವೂ ಇಲ್ಲಿದೆ. ಅರ್ಧ ವರದಿಯನ್ನು ಫೋಟೊಗಳೇ ಹೇಳುತ್ತವೆ.

ಕಲಾಸಕ್ತರಿಗೆ ಗೂಗಲ್ ಆರ್ಟ್ಸ್ ಅಂಡ್ ಕಲ್ಚರ್ ಇದೆ. 2011ರಲ್ಲಿ 17 ವಸ್ತುಸಂಗ್ರಹಾಲಯಗಳೊಂದಿಗೆ ಶುರುವಾದ ಈ ತಾಣದಲ್ಲಿ ವ್ಯಾನ್ ಗೋ ಎಳೆದ ಕುಂಚದ ಗೆರೆಗಳನ್ನೂ ಹಿಗ್ಗಿಸಿ ನೋಡಬಹುದು. ಬೆಂಗಳೂರಿನ ಕಲೆ ಮತ್ತು ಛಾಯಾಚಿತ್ರಗಳ ಸಂಗ್ರಹಾಲಯ ‘ಮ್ಯಾಪ್’ ಕಸ್ತೂರ್ಬಾ ರಸ್ತೆಯಲ್ಲಿ ಬಾಗಿಲು ತೆರೆದದ್ದು 2023ರಲ್ಲಿ. ಅಂತರ್ಜಾಲದಲ್ಲಿ ಅದು 2020ರಲ್ಲೇ ತೆರೆದಿತ್ತು.

ಪ್ರವಾಸಕ್ಕೆ ವಿಕಿವಾಯೇಜ್. ಜಾಹೀರಾತಿಲ್ಲದ ಈ ಕೈಪಿಡಿಯಲ್ಲಿ ಬಸ್ಸು, ರೈಲು, ಊಟ, ವಸತಿಯ ವಿವರಗಳನ್ನು ಓದುಗರೇ ತಿದ್ದಿ ಬೆಳೆಸುತ್ತಾರೆ. ಹೊರಡುವ ಮುನ್ನ ದರ, ಸಮಯಗಳನ್ನು ಮತ್ತೊಮ್ಮೆ ವಿಚಾರಿಸಿಕೊಳ್ಳುವುದು ಒಳಿತು.