ಬಯಾಪ್ಸಿ ವರದಿಯ ಬಳಿಕವೇ ಶಸ್ತ್ರಚಿಕಿತ್ಸೆಯ ಮಾತು

ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆಯೆಂದು ತಿಳಿದ ದಿನ ಮನೆಮಂದಿಯೆಲ್ಲ ಕೇಳುವುದು ಒಂದೇ ಮಾತು: ‘ಆಪರೇಷನ್ ಯಾವಾಗ?’ ಅದಕ್ಕೂ ಮೊದಲು ಕೇಳಬೇಕಾದುದು, ಬಯಾಪ್ಸಿ ವರದಿಯಲ್ಲಿ ಏನಿದೆ ಎಂಬುದನ್ನು. ಆ ಹಾಳೆಯನ್ನು ಕಡತದಲ್ಲಿಟ್ಟು ಮರೆಯುವವರೇ ನಮ್ಮಲ್ಲಿ ಹೆಚ್ಚು. ಶಸ್ತ್ರಚಿಕಿತ್ಸೆ ಬೇಕೇ, ಬೇಕಾದರೆ ಯಾವ ಬಗೆಯದು ಎಂಬುದಕ್ಕೆ ಬಹುಪಾಲು ಉತ್ತರ ಅಲ್ಲಿಯೇ ಇರುತ್ತದೆ.

ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತುವರಿದಿರುವ ಗ್ರಂಥಿಯಿದು. ಪಿಎಸ್‌ಎ ರಕ್ತಪರೀಕ್ಷೆ ಸಂಶಯವನ್ನಷ್ಟೇ ಹುಟ್ಟಿಸುತ್ತದೆ. ವಯೋಸಹಜವಾಗಿ ಗ್ರಂಥಿ ಹಿಗ್ಗಿದರೂ, ಸೋಂಕು ತಗುಲಿದರೂ ಅದು ಏರುವುದುಂಟು. ರೋಗವನ್ನು ಖಚಿತಪಡಿಸುವುದು ಬಯಾಪ್ಸಿ. ಸೂಜಿಯ ಮೂಲಕ ಸಾಮಾನ್ಯವಾಗಿ 12 ಕಡೆಗಳಿಂದ ದಾರದ ಎಳೆಯಂತಹ ತುಣುಕುಗಳನ್ನು ತೆಗೆಯುತ್ತಾರೆ. ಎಂಆರ್‌ಐ ಚಿತ್ರದಲ್ಲಿ ಸಂಶಯದ ಜಾಗ ಕಂಡಿದ್ದರೆ ಅಲ್ಲಿಂದ ಇನ್ನೂ ಕೆಲವನ್ನು ತೆಗೆಯುವರು.

ವರದಿಯಲ್ಲಿ ಮೊದಲು ಹುಡುಕಬೇಕಾದುದು ಗ್ಲೀಸನ್ ಅಂಕವನ್ನು. ಅಮೆರಿಕದ ರೋಗಶಾಸ್ತ್ರಜ್ಞ ಡೊನಾಲ್ಡ್ ಗ್ಲೀಸನ್ 1960ರ ದಶಕದಲ್ಲಿ ರೂಪಿಸಿದ ಕ್ರಮವಿದು. ಸೂಕ್ಷ್ಮದರ್ಶಕದಲ್ಲಿ ಜೀವಕೋಶಗಳ ಜೋಡಣೆ ಎಷ್ಟು ಕೆಟ್ಟಿದೆ ಎಂಬುದನ್ನು ಅಂಕಿಯಲ್ಲಿ ಹೇಳುವುದು ಇದರ ಕೆಲಸ. ಹೆಚ್ಚು ಭಾಗದಲ್ಲಿ ಕಂಡ ವಿನ್ಯಾಸದ ಅಂಕಿ ಮೊದಲು, ಇನ್ನೊಂದು ಆಮೇಲೆ. ಆದ್ದರಿಂದ 3+4 ಮತ್ತು 4+3 ಎರಡರ ಮೊತ್ತವೂ 7 ಆದರೂ ಎರಡೂ ಒಂದಲ್ಲ. ಎರಡನೆಯದು ಹೆಚ್ಚು ಉಗ್ರ. ಈ ಗೊಂದಲವನ್ನು ನಿವಾರಿಸಲೆಂದೇ ಈಗ 1ರಿಂದ 5ರವರೆಗಿನ ದರ್ಜೆಗಳನ್ನೂ ನಮೂದಿಸುತ್ತಾರೆ: 3+4 ಎರಡನೆಯ ದರ್ಜೆ, 4+3 ಮೂರನೆಯದು.

ಮೊತ್ತ 6 ಮಾತ್ರವಿದ್ದು, ಪಿಎಸ್‌ಎ ಕೂಡ ಕಡಿಮೆಯಿದ್ದರೆ ಅವಸರದ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಬೇಕಿಲ್ಲ. ಬ್ರಿಟನ್ನಿನಲ್ಲಿ ಗ್ರಂಥಿಯೊಳಗಷ್ಟೇ ರೋಗವಿದ್ದ 1,643 ಪುರುಷರನ್ನು ನಿಗಾ, ಶಸ್ತ್ರಚಿಕಿತ್ಸೆ, ವಿಕಿರಣ ಎಂಬ ಮೂರು ಗುಂಪು ಮಾಡಿ ಗಮನಿಸಿದರು. 15 ವರ್ಷಗಳ ಬಳಿಕ ಯಾವ ಗುಂಪಿನಲ್ಲಿಯೂ ನೂರರಲ್ಲಿ ಸುಮಾರು 97 ಮಂದಿ ಈ ಕ್ಯಾನ್ಸರಿನಿಂದ ಸತ್ತಿರಲಿಲ್ಲ. ಆದರೆ ನಿಗಾ ಎಂದರೆ ಕೈಕಟ್ಟಿ ಕೂರುವುದಲ್ಲ. ಪಿಎಸ್‌ಎ, ಎಂಆರ್‌ಐ, ಮರುಬಯಾಪ್ಸಿಗಳಿಗೆ ತಪ್ಪದೆ ಹೋಗಬೇಕು. ಹಾಗೆ ಹೋಗಲಾರದವರಿಗೆ ಈ ದಾರಿ ತಕ್ಕುದಲ್ಲವೆಂದೇ ನಮ್ಮ ಎಣಿಕೆ. ಉಗ್ರ ದರ್ಜೆಯವರು ಈ ಅಂಕಿಗಳನ್ನು ನಂಬಿ ಕಾಯಲೂ ಬಾರದು.

ಶಸ್ತ್ರಚಿಕಿತ್ಸೆಯೇ ನಿಶ್ಚಯವಾದರೂ ವರದಿಯ ಕೆಲಸ ಮುಗಿಯದು. ಗ್ರಂಥಿಯ ಎರಡೂ ಬದಿಗಳಲ್ಲಿ ಲೈಂಗಿಕ ಶಕ್ತಿಗೆ ಸಂಬಂಧಿಸಿದ ನರಗಳು ಅಂಟಿಕೊಂಡಂತೆ ಸಾಗುತ್ತವೆ. ಅವುಗಳನ್ನು ಉಳಿಸಿ ಗ್ರಂಥಿಯನ್ನು ತೆಗೆಯುವ ವಿಧಾನವನ್ನು ಅಮೆರಿಕದ ಪ್ಯಾಟ್ರಿಕ್ ವಾಲ್ಷ್ 1982ರಲ್ಲಿ ತೋರಿಸಿಕೊಟ್ಟರು. ಬಲಬದಿಯ ತುಣುಕುಗಳಲ್ಲಿ ಉಗ್ರ ಕ್ಯಾನ್ಸರ್ ತುಂಬಿದ್ದು ಎಡಬದಿ ಶುದ್ಧವಾಗಿದ್ದರೆ, ಎಂಆರ್‌ಐಯನ್ನೂ ನೋಡಿ, ಎಡದ ನರಗಳನ್ನು ಉಳಿಸಿ ಬಲದವನ್ನು ಬಿಟ್ಟುಕೊಡುವ ತೀರ್ಮಾನಕ್ಕೆ ವೈದ್ಯರು ಬರಬಹುದು. ಸುತ್ತಲಿನ ದುಗ್ಧಗ್ರಂಥಿಗಳನ್ನೂ ತೆಗೆಯಬೇಕೇ ಎಂಬುದಕ್ಕೂ ದರ್ಜೆ, ಕ್ಯಾನ್ಸರ್ ಕಂಡ ತುಣುಕುಗಳ ಸಂಖ್ಯೆ, ಪಿಎಸ್‌ಎ ಇವೇ ಆಧಾರ. ಮೂತ್ರ ಸೋರುವಿಕೆ, ದಾಂಪತ್ಯ ಜೀವನ ಇವುಗಳ ಬಗ್ಗೆ ಹಿರಿಯರು ಸಂಕೋಚದಿಂದ ಬಾಯಿಬಿಡುವುದಿಲ್ಲ. ಪತ್ನಿಯನ್ನೂ ಜೊತೆಗೆ ಕೂರಿಸಿಕೊಂಡು ಶಸ್ತ್ರಚಿಕಿತ್ಸೆಗೆ ಮುನ್ನವೇ ಕೇಳುವುದು ಲೇಸು.

ಸೂಜಿಗೆ ಸಿಕ್ಕಿದ್ದು ಗ್ರಂಥಿಯ ಅತ್ಯಲ್ಪ ಭಾಗ ಮಾತ್ರ. ಇಡೀ ಗ್ರಂಥಿಯನ್ನು ಪರೀಕ್ಷಿಸಿದಾಗ ದರ್ಜೆ ಏರುವುದೂ ಉಂಟು, ಇಳಿಯುವುದೂ ಉಂಟು. ಸಂದೇಹವಿದ್ದರೆ ಸ್ಲೈಡ್ ಮತ್ತು ಬ್ಲಾಕ್‌ಗಳನ್ನು ಆಸ್ಪತ್ರೆಯಿಂದ ಪಡೆದು ಇನ್ನೊಬ್ಬ ರೋಗಶಾಸ್ತ್ರಜ್ಞರಿಗೆ ತೋರಿಸಬಹುದು. ಬಯಾಪ್ಸಿಯ ಗಾಯ ಮಾಯಲೆಂದು ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಕೆಲವು ವಾರ ಕಾಯುತ್ತಾರೆ. ಎರಡನೆಯ ಅಭಿಪ್ರಾಯಕ್ಕೆ ಅಷ್ಟು ಸಮಯ ಸಾಲುತ್ತದೆ.