ಮತ್ತೆ ಐಸ್ ಮೇಲೆ ಕಾಲಿಡುವ ಮುನ್ನ

ದುಬೈಯಲ್ಲೋ ಅಬುಧಾಬಿಯಲ್ಲೋ ಬೆಳೆದ ನೀವು ಚಿಕ್ಕಂದಿನಲ್ಲಿ ಐಸ್ ರಿಂಕ್‌ಗೆ ಹೋಗಿ ಫಿಗರ್ ಸ್ಕೇಟಿಂಗ್ ಕಲಿತು, ಮದುವೆ, ಹೆರಿಗೆಯೆಂದು ಬಿಟ್ಟಿರಬಹುದು. ಈಗ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ಮತ್ತೆ ಆಸೆಯಾಗಿದೆಯೇ? ಸಂಕೋಚ ಬೇಡ. ಜರ್ಮನಿಯ ಓಬರ್ಸ್ಟ್‌ಡಾರ್ಫ್‌ನಲ್ಲಿ 28 ದಾಟಿದವರಿಗೆಂದೇ ಅಂತಾರಾಷ್ಟ್ರೀಯ ಸ್ಪರ್ಧೆ ನಡೆಯುತ್ತಾ ಬಂದಿದೆ. ಹಿಜಾಬ್‌ನ ಚಿಂತೆಯೂ ಬೇಡ. ಎಮಿರೇಟ್ಸ್‌ನ ಝಹ್ರಾ ಲಾರಿ 2012ರಲ್ಲಿ ಇಟಲಿಯಲ್ಲಿ ಹಿಜಾಬ್ ಧರಿಸಿ ಸ್ಪರ್ಧಿಸಿದಾಗ ಅಂಕ ಕಡಿತವಾಗಿತ್ತು. ಆ ಬಳಿಕ ನಿಯಮವೇ ಬದಲಾಯಿತು. ಪಿನ್ ಮಾತ್ರ ಬಳಸಬೇಡಿ, ಬಿದ್ದಾಗ ಚುಚ್ಚೀತು.

ಎಚ್ಚರ ಬೇಕಾದದ್ದು ಬೇರೆ ಕಡೆ. ಜಾರುವುದು, ತಿರುಗುವುದು ಕಾಲಿಗೆ ಬೇಗ ನೆನಪಾಗುತ್ತದೆ. ಆ ಹುರುಪಿನಲ್ಲಿ ಹಳೆಯ ಜಿಗಿತಕ್ಕೂ ಕೈಹಾಕುತ್ತೀರಿ. ಆದರೆ ಜಿಗಿದು ಇಳಿಯುವಾಗ ಮೈಭಾರದ ಹಲವು ಪಟ್ಟು ಒತ್ತಡ ಒಂದೇ ಕಾಲಿನ ಮೇಲೆ ಬೀಳುತ್ತದೆ. ಮೊಣಕಾಲು, ಸೊಂಟ ಈಗ ಹದಿನಾರರ ಹುಡುಗಿಯದ್ದಲ್ಲವಲ್ಲ! ಮೊದಲ ಕೆಲವು ವಾರ ಜಿಗಿತ ಬೇಡ. ಮನೆಯಲ್ಲಿ ಒಂಟಿ ಕಾಲಲ್ಲಿ ನಿಂತು ಸಮತೋಲನ ರೂಢಿಸಿ. ಬೀಳುವುದನ್ನೂ ಕಲಿಯಬೇಕು: ಮೊಣಕಾಲು ಮಡಚಿ, ಪಕ್ಕಕ್ಕೆ, ತೊಡೆಯ ಮೇಲೆ. ಕೈಯೂರಿದರೆ ಮಣಿಕಟ್ಟು ಮುರಿದೀತು. ಇತ್ತೀಚೆಗೆ ಹೆರಿಗೆಯಾಗಿದ್ದರೆ ವೈದ್ಯರನ್ನು ಕೇಳಿಯೇ ಹೊರಡಿ.

ಹಳೆಯ ಬೂಟನ್ನು ನಂಬಬೇಡಿ. ಬಸಿರಿನ ನಂತರ ಪಾದ ತುಸು ದೊಡ್ಡದಾಗುವುದುಂಟು. ವುಝೂ ಮಾಡಿದ ಒದ್ದೆ ಕಾಲನ್ನು ಹಾಗೆಯೇ ಸಾಕ್ಸ್‌ಗೆ ತುರುಕಿದರೆ ಬೆರಳ ಸಂದಿಯಲ್ಲಿ ತುರಿಕೆ ಶುರುವಾಗುತ್ತದೆ, ಚೆನ್ನಾಗಿ ಒರೆಸಿಕೊಳ್ಳಿ. ಮನೆಗೆ ಬಂದ ಮೇಲೆ ಬೂಟನ್ನು ಚೀಲದಲ್ಲಿ ಮುಚ್ಚಿಡದೆ ಗಾಳಿಗೆ ಒಣಗಿಸಿ.

ರಂಝಾನ್‌ನಲ್ಲಿ ಅಭ್ಯಾಸ ಇಫ್ತಾರ್‌ನ ನಂತರವೇ ಇರಲಿ. ರಿಂಕ್‌ನ ನಡುವೆ ತಲೆ ಸುತ್ತಿದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.